ಕಾಲು ಮುಂದಾಗಿ ಹುಟ್ಟಿದವಳೂ ಸೂಜಿ ಡಾಕ್ಟ್ರಮ್ಮನೂ

ಮೊನ್ನೆ ಮೊಮ್ಮಗಳಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆ. ನರ್ಸು ಅವಳ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಮಗು ಅಳುವ ಮೊದಲೇ ನನ್ನ ಕಣ್ಣಲ್ಲಿ ನೀರು. "ಅಜ್ಜೀ, ಚುಚ್ಚೂದು ನಿಮಗಲ್ಲ" ಎಂದು ನರ್ಸು ನಕ್ಕಳು. ಅವಳಿಗೆ ಹೇಗೆ ಗೊತ್ತಾಗಬೇಕು... ನನಗೆ ನೆನಪಾದದ್ದು ನಮ್ಮ ಸೂಜಿ ಡಾಕ್ಟ್ರಮ್ಮ.

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಅಂಥವರ ಪಾದಕ್ಕೆ ಒಂದು ಕೆಲಸವಿದೆ. ಸೊಂಟ ಉಳುಕಿದವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಜಗುಲಿಯ ಮೇಲೆ ಬೋರಲು ಮಲಗುತ್ತಾರೆ. ನಾವು ಎಡಗಾಲಿನಿಂದ ಮೂರು ಸಲ ಒದೆಯಬೇಕು. ಒದೆ ಎನ್ನುವುದು ಹೆಸರಿಗೆ, ಪಾದ ಮುಟ್ಟಿಸಿದರೆ ಸಾಕು. ಇಸಳೂರಿಗೆ ಸೊಸೆಯಾಗಿ ಬಂದ ಮೇಲೆ ನಾನು ಒದೆಯದ ಸೊಂಟವಿಲ್ಲ. ಶಾಲೆಯ ಮಾಸ್ತರರನ್ನು ಒದ್ದಿದ್ದೇನೆ, ಬಸ್ ಡ್ರೈವರನ್ನು ಒದ್ದಿದ್ದೇನೆ, ನನ್ನ ಅತ್ತೆಯನ್ನೂ ಒದ್ದಿದ್ದೇನೆ. ಅವರೇ ಕೇಳಿಕೊಂಡಿದ್ದರು, ತಪ್ಪು ತಿಳಿಯಬೇಡಿ. ಗುಣವಾದವರು ಬಂದು ಹೇಳುತ್ತಿದ್ದರು, ಆಗದವರು ಮತ್ತೆ ಬರುತ್ತಲೇ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಗುಣವಾಗಿದೆ ಎಂದೇ ನಾನು ನಂಬಿದ್ದೆ.

ಅಷ್ಟರಲ್ಲಿ ಡಾಕ್ಟ್ರಮ್ಮ ಬಂದರು. ಹಾವೇರಿ ಕಡೆಯವರು, ಫಿಸಿಯೋಥೆರಪಿ ಕಲಿತವರು. ಎದುರು ಮನೆಯ ಮುಂದಿನ ಕೋಣೆ ಬಾಡಿಗೆ ಹಿಡಿದು ಬೋರ್ಡು ಹಾಕಿದರು. ಮೊದಲ ದಿನವೇ ನಮ್ಮ ಮನೆಗೆ ಬಂದು, "ಎದುರಿಗೇ ಬಂದೀನ್ರಿ ಅಕ್ಕಾರ, ಸಂಭಾಳಿಸ್ಕೊಳ್ರಿ" ಎಂದು ಕೈಮುಗಿದರು. ನಾನು ಚಹಾ ಕೊಟ್ಟೆ, ಮುಖ ಕೊಟ್ಟು ಮಾತಾಡಲಿಲ್ಲ. ಔಷಧವೇ ಇಲ್ಲದ ಖಾಲಿ ಸೂಜಿಯನ್ನು ಸ್ನಾಯುವಿನ ಗಂಟಿಗೆ ಚುಚ್ಚಿ ನೋವು ಬಿಡಿಸುತ್ತಾರಂತೆ ಎಂದು ಸುದ್ದಿ ಹಬ್ಬಿತು. ಒಂದೆರಡು ತಿಂಗಳಲ್ಲಿ ನಮ್ಮ ಜಗುಲಿ ಖಾಲಿ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ?

ಅಂಥದರಲ್ಲಿ ಒಂದು ಬೆಳಿಗ್ಗೆ ನಮ್ಮ ಓಣಿಗೆ ಗ್ಯಾಸ್ ಸಿಲಿಂಡರ್ ತರುವವನು ಸೊಂಟ ಹಿಡಿದುಕೊಂಡು ಬಂದ. ಹಿಂದಿನ ದಿನ ತುಂಬಿದ ಸಿಲಿಂಡರನ್ನು ಹೆಗಲಿಗೆ ಏರಿಸುವಾಗ ಚಳಕ್ ಅಂದಿತ್ತಂತೆ.

"ಅಕ್ಕಾ, ನಂಗೆ ಸೂಜಿ ಅಂದ್ರೆ ಹೆದ್ರಿಕೆ. ನೀವೇ ಒದ್ದುಬಿಡಿ."

ಎದುರು ಕೋಣೆಯ ಮುಂದೆ ಡಾಕ್ಟ್ರಮ್ಮ ಕಸ ಗುಡಿಸುತ್ತಿದ್ದರು. ನೋಡಲಿ, ನನ್ನ ಹತ್ತಿರವೂ ಜನ ಬರುತ್ತಾರೆ ಅಂತ ಗೊತ್ತಾಗಲಿ ಎಂದುಕೊಂಡೆ. ಮೊದಲ ಎರಡು ಮೆಲ್ಲಗೆ. ಮೂರನೆಯದಕ್ಕೆ ನನ್ನ ಸಿಟ್ಟೆಲ್ಲ ಕಾಲಿಗೆ ಇಳಿಯಿತು... ಅವನು "ಅವ್ವಾ" ಎಂದು ಕೂಗಿದ. ಆಮೇಲೆ ಏಳಲಿಲ್ಲ.

ಡಾಕ್ಟ್ರಮ್ಮ ಪೊರಕೆ ಎಸೆದು ಓಡಿ ಬಂದರು. ಯಾರೂ ಅವನನ್ನು ಎಬ್ಬಿಸದಂತೆ ತಡೆದು, ಕಾಲ್ಬೆರಳು ಆಡಿಸಲು ಹೇಳಿ, ಪಾದ ಮುಟ್ಟಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಹಲಗೆಯ ಮೇಲೆ ಮಲಗಿಸಿ ಎಕ್ಸ್‌ರೇ ತೆಗೆಸಲು ಶಿರಸಿಯ ಆಸ್ಪತ್ರೆಗೆ ಕಳಿಸಿದರು. ಅವನ ಹೆಂಡತಿ ಬಂದು ನಮ್ಮ ಮೆಟ್ಟಿಲ ಮೇಲೆ ಕುಸಿದಳು. "ಎರಡು ಸಣ್ಣ ಮಕ್ಕಳಿದಾವೆ ಅಕ್ಕಾ. ಇವ್ರು ಏಳದೇ ಹೋದ್ರೆ ನಾ ಎಂತ ಮಾಡೂದು?" ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೂಳೆಗೆ ಏನೂ ಆಗಿಲ್ಲ, ನರವೂ ಸರಿಯಿದೆ, ಸ್ನಾಯು ಹಿಡಿದುಕೊಂಡಿದೆ ಎಂದು ಆಸ್ಪತ್ರೆಯವರು ಹೇಳಿದರು. ಆದರೂ ಮೂರು ದಿನ ಅವನು ಹಾಸಿಗೆ ಬಿಡಲಿಲ್ಲ. ನಾಲ್ಕನೆಯ ದಿನ ಅವನನ್ನು ಎತ್ತಿಕೊಂಡು ಡಾಕ್ಟ್ರಮ್ಮನ ಕೋಣೆಗೆ ತಂದರು. ಹಿಂದೆಯೇ ನಾನೂ ಹೋದೆ.

ಅವರು ಬೆರಳಿನಿಂದ ಅವನ ಸೊಂಟ ಒತ್ತುತ್ತಾ ಹೋದರು. ಒಂದು ಕಡೆ ಅವನು ಕಿರುಚಿದ. "ಇಲ್ಲೇ ಐತಿ ನೋಡ್ರಿ" ಎಂದು ಸ್ಪಿರಿಟ್ ಒರೆಸಿ, ಕೂದಲೆಳೆಯಂಥ ಸೂಜಿ ಇಳಿಸಿದರು. ಚರ್ಮದ ಕೆಳಗೆ ಏನೋ ಪಟ್ಟನೆ ಅದುರಿದ್ದು ನನಗೂ ಕಂಡಿತು. "ಹಾಂ, ಗಂಟು ಬಿಡಾಕತ್ತೇತಿ. ಒಂದೆರಡು ದಿನ ನೋಯ್ತೇತಿ, ಹೆದರಬ್ಯಾಡಪ್ಪ." ಮತ್ತೆ ಮೂರು ಕಡೆ ಚುಚ್ಚಿದರು. ಸೂಜಿ ತೆಗೆಯುತ್ತಾ, ತಲೆಯೆತ್ತದೆ ಕೇಳಿದರು:

"ಅಕ್ಕಾರ, ಅಷ್ಟು ಜೋರು ಯಾಕ ಒದ್ದ್ರಿ?"

ಕಾಲು ಜಾರಿತು ಎಂದು ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಅವನ ಹೆಂಡತಿ ಅಲ್ಲೇ ನಿಂತಿದ್ದಳು. "ಅದು ಅವನಿಗೆ ಒದ್ದಿದ್ದಲ್ಲ. ನಿಮ್ಮ ಮೇಲಿನ ಸಿಟ್ಟು" ಎಂದುಬಿಟ್ಟೆ.

ಡಾಕ್ಟ್ರಮ್ಮ ಸೂಜಿಯನ್ನು ತಟ್ಟೆಯಲ್ಲಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಂಗಾರ ಆ ಒದಿ ನಂದ್ರೀ! ಪಾಪ, ಇವಂಗ ಸುಮ್ಮಸುಮ್ಮನ ಬಿತ್ತು." ಬೋರಲು ಮಲಗಿದ್ದವನೂ ನಗಲು ಹೋಗಿ, "ಅಯ್ಯೋ, ನಗಿಸ್ಬೇಡಿ, ನೋಯ್ತದೆ" ಎಂದ. ಅವನ ಹೆಂಡತಿ ಮಾತ್ರ ನಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಅರ್ಧ ಗಂಟೆಯ ಮೇಲೆ ಅವನು ಗೋಡೆ ಹಿಡಿದು ನಿಂತ. ಎರಡು ಹೆಜ್ಜೆ ಇಟ್ಟ. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು! ಅಲ್ಲೇ ನೆಲದ ಮೇಲೆ ಕೂತು ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟೆ. ಡಾಕ್ಟ್ರಮ್ಮ ನೀರು ಕೊಟ್ಟು, "ಇಂವ ಇನ್ನೂ ನಾಕು ಸಲ ಬರಬೇಕು, ವ್ಯಾಯಾಮ ಮಾಡಬೇಕು. ನೀವೇ ಕರ್ಕೊಂಡು ಬರ್ರಿ" ಎಂದರು. ಅದೇ ನನಗೆ ಅವರು ಹಾಕಿದ ದಂಡ.

ಆಮೇಲೆ ನಾನು ಯಾರನ್ನೂ ಒದೆಯಲಿಲ್ಲ. ಜಗುಲಿಗೆ ಬಂದವರ ಕೈಹಿಡಿದು ರಸ್ತೆ ದಾಟಿಸಿ ಡಾಕ್ಟ್ರಮ್ಮನ ಬಾಗಿಲಿಗೆ ಬಿಡುತ್ತಿದ್ದೆ. ಕೆಲವು ವರ್ಷಗಳ ನಂತರ ಅವರ ಯಜಮಾನರಿಗೆ ವರ್ಗವಾಯಿತು. ಹಬ್ಬಕ್ಕೆ ಫೋನು ಬರುತ್ತಿತ್ತು. ಈ ಸಲ ಬರಲಿಲ್ಲ. ಏನೋ ಕೆಲಸವಿರಬೇಕು ಅಂದುಕೊಂಡು ನಾನೂ ಸುಮ್ಮನಾದೆ...

ಕಳೆದ ತಿಂಗಳು ಅದೇ ಗ್ಯಾಸಿನವನು ಸಿಲಿಂಡರ್ ಇಳಿಸಿದವನೇ ಜಗುಲಿಯ ಮೇಲೆ ಕುಕ್ಕರಿಸಿದ. "ಅಕ್ಕಾ, ನಮ್ಮ ಡಾಕ್ಟ್ರಮ್ಮ ತೀರ್ಕಂಡ್ರಂತೆ. ಎಂತದೋ ಕಾಯಿಲೆ, ಯಾರಿಗೂ ಹೇಳೇ ಇರ್ಲಿಲ್ವಂತೆ."

ಇಬ್ಬರೂ ಅತ್ತೆವು. ಅವನಿಗೆ ಇನ್ನೂ ಹತ್ತಾರು ಮನೆ ಬಾಕಿ ಇತ್ತು. ಕಣ್ಣೊರೆಸಿಕೊಂಡು, ಗೋಡೆ ಹಿಡಿಯದೆ, ನೆಲಕ್ಕೆ ಕೈ ಊರದೆ ಎದ್ದ. ಖಾಲಿ ಸಿಲಿಂಡರನ್ನು ಹೆಗಲಿಗೆ ಹಾಕಿಕೊಂಡು ನಡೆದ.

ಡಾಕ್ಟ್ರಮ್ಮ ಇನ್ನಿಲ್ಲ. ಅವನು ಬಂದಾಗಲೆಲ್ಲ, ತಿರುವಿನಲ್ಲಿ ಮರೆಯಾಗುವವರೆಗೆ ಅವನ ಬೆನ್ನನ್ನೇ ನೋಡುತ್ತಾ ನಾನು ಬಾಗಿಲಲ್ಲಿ ನಿಂತಿರುತ್ತೇನೆ.