ಬೆಂಕಿ ಮೇಡಂ ಅಡುಗೆಮನೆಗೆ ಬೆಂಕಿ ಇಟ್ಟ ಬಗೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬೆಂಕಿ ಮೇಡಂ ಎಂದು. ಹೆಸರು ಕೇಳಿದ ಹೊಸಬರು ಯಾರೋ ಮುಟ್ಟಿದರೆ ಸಿಡಿಯುವ ಹೆಂಗಸಿರಬೇಕೆಂದು ಧ್ವನಿ ತಗ್ಗಿಸಿಕೊಂಡೇ ಅಂಗಡಿಯೊಳಗೆ ಕಾಲಿಡುತ್ತಾರೆ. ನೋಡಿದರೆ, ಕಿಟಕಿಯ ಪಕ್ಕದ ದೊಡ್ಡ ಕಂಪ್ಯೂಟರ್ ಪರದೆಯ ಮುಂದೆ ಸಣ್ಣ ಮೈಕಟ್ಟಿನವಳೊಬ್ಬಳು ಗಂಟು ಹಾಕಿದ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತಿರುತ್ತಾಳೆ. ಒಂದು ಕೈ ಮೌಸಿನ ಮೇಲೆ, ಇನ್ನೊಂದು ಕೈ ಫೋನಿನ ಹತ್ತಿರ, ಮನೆಯಿಂದ ಕರೆ ಬಂದೀತೆಂದು. ನಿಜ ಹೇಳಬೇಕೆಂದರೆ ಬೆಂಕಿ ಎಂದರೆ ಅವಳ ಜೀವ ಬಾಯಿಗೆ ಬರುತ್ತದೆ. ಮಗಳು ಹುಟ್ಟಿದ ಮೇಲಂತೂ ಮನೆ ಬಿಡುವ ಮುನ್ನ ಗ್ಯಾಸಿನ ನಾಬ್ ಮುಟ್ಟಿ ನೋಡಿ, ಚಪ್ಪಲಿ ಮೆಟ್ಟಿ, ಮತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮುಟ್ಟಿ, ಬೀದಿಯ ತುದಿ ತಲುಪಿದ ಮೇಲೆ ಅತ್ತೆಗೆ ಫೋನ್ ಮಾಡಿ ಇನ್ನೊಮ್ಮೆ ಕೇಳುತ್ತಿದ್ದವಳು. ಅಂಥವಳಿಗೆ ಈ ಹೆಸರು ಅಂಟಿದ ಕಥೆ ಇದು.

ಅಂಗಡಿ ಎಂದರೆ ಫೋಟೊ ಮತ್ತು ಪೋಸ್ಟರಿನ ಅಂಗಡಿ. ಮುಂಭಾಗದಲ್ಲಿ ಬಿಳಿ ಪರದೆ, ಒಂದು ಸ್ಟೂಲು, ದಾರದಲ್ಲಿ ಬಾಚಣಿಗೆ ಕಟ್ಟಿದ ಕನ್ನಡಿ. ಹಿಂಭಾಗದಲ್ಲಿ ಇಂಕಿನ ವಾಸನೆ ಬೀರುವ ಮುದ್ರಣ ಯಂತ್ರ. ಬಾಗಿಲ ಬಳಿ ಚಿಕ್ಕ ಕಂಪ್ಯೂಟರು, ಕಿಟಕಿಯ ಬಳಿ ದೊಡ್ಡದು. ಚಿಕ್ಕದರಲ್ಲಿ ಗುರುತಿನ ಚೀಟಿಯ ಫೋಟೊ, ವಿಸಿಟಿಂಗ್ ಕಾರ್ಡು. ದೊಡ್ಡದರಲ್ಲಿ ಪೋಸ್ಟರು, ನಾಟಕದ ಬ್ಯಾನರು, ಬುದ್ಧಿ ಖರ್ಚಾಗುವ ಕೆಲಸವೆಲ್ಲ. ಮದುವೆಗೆ ಮುಂಚಿನಿಂದ ದೊಡ್ಡದು ಅವಳದೇ ಆಗಿತ್ತು. ಹೆರಿಗೆ ಮುಗಿಸಿ ಮರಳಿದಾಗ ಆ ಕುರ್ಚಿಯಲ್ಲಿ ಅಂಗಡಿಯ ಯಜಮಾನರೇ ಕೂತಿದ್ದರು. ಮಗು ಸಣ್ಣದು, ಮನಸ್ಸೆಲ್ಲ ಮನೆಯಲ್ಲೇ ಇರುತ್ತದೆ, ಸ್ವಲ್ಪ ದಿನ ಸುಲಭದ ಕೆಲಸ ಮಾಡಿಕೊಂಡಿರು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು; ಅದಕ್ಕೇ ಜಗಳ ಆಡುವ ಹಾಗೂ ಇರಲಿಲ್ಲ. ಮಗಳು ಮನೆ ತುಂಬ ಓಡಾಡಿ ಗೋಡೆಯ ಮೇಲೆ ಗೀಚುವಷ್ಟು ಬೆಳೆದಳು, ಆ ಸ್ವಲ್ಪ ದಿನ ಮಾತ್ರ ಮುಗಿಯಲಿಲ್ಲ. ಅವಳು ಬಾಗಿಲ ಬಳಿ ಕೂತು ಊರಿನವರ ಕಿವಿ ಎರಡೂ ಕಾಣುವಂತೆ ಫೋಟೊ ಕತ್ತರಿಸುತ್ತಲೇ ಇದ್ದಳು.

ಹೀಗಿರುವಾಗ ಅಗ್ನಿಶಾಮಕ ಠಾಣೆಯಿಂದ ಒಂದು ಕೆಲಸ ಬಂತು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು ಎಂದು ಹೇಳುವ ಪೋಸ್ಟರು. ಊರಿನ ಎಲ್ಲ ಶಾಲೆಗಳ ಗೋಡೆಗೂ ಹೋಗುವಂಥದ್ದು. ಯಜಮಾನರ ಬಳಿ ಸಿದ್ಧ ಬೆಂಕಿಯ ಚಿತ್ರಗಳ ಒಂದು ಸಂಗ್ರಹವಿತ್ತು. ವ್ಯಾಯಾಮ ಶಾಲೆಯ ಬ್ಯಾನರಿಗೂ ಅದೇ ಜ್ವಾಲೆ, ಮೆಣಸಿನಪುಡಿಯ ಪೊಟ್ಟಣಕ್ಕೂ ಅದೇ ಜ್ವಾಲೆ. ಎಲ್ಲಿಂದಲೋ ತಂದ ಅಡುಗೆಮನೆಯ ಚಿತ್ರದ ಮೇಲೆ ಅದನ್ನೇ ಕೂರಿಸಿ ಕಳಿಸಿದರು. ಠಾಣಾಧಿಕಾರಿ ಹಿಂದಕ್ಕೆ ಕಳಿಸಿದರು. ಯಜಮಾನರು ಬೆಂಕಿಯನ್ನು ಇನ್ನಷ್ಟು ದೊಡ್ಡದು ಮಾಡಿ ಮತ್ತೆ ಕಳಿಸಿದರು. ಈ ಸಲ ಅಧಿಕಾರಿ ತಾವೇ ಬಂದರು. ದಪ್ಪ ಮೀಸೆಯ, ಇನ್ನೇನು ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಪೋಸ್ಟರನ್ನು ಮೇಜಿನ ಮೇಲೆ ಹರಡಿ, "ಇದು ಬೆಂಕಿನೋ ಹುಂಜದ ಬಾಲನೋ? ಮಕ್ಕಳು ನೋಡಿ ನಗ್ತಾರೆ ಅಷ್ಟೆ" ಎಂದರು. ಇನ್ನೊಂದು ಸಲ ನೋಡುತ್ತೇನೆ, ಆಗಲಿಲ್ಲವೆಂದರೆ ಮುಖ್ಯರಸ್ತೆಯ ದೊಡ್ಡ ಅಂಗಡಿಗೆ ಕೊಡುತ್ತೇನೆ ಎಂದೂ ಸೇರಿಸಿದರು.

ಬಾಗಿಲ ಬಳಿ ಯಾರದೋ ಗಲ್ಲ ನೇರ ಮಾಡುತ್ತಿದ್ದ ಅವಳ ಬಾಯಿಂದ, ಅವಳೇ ಎಣಿಸದೆ, "ನಾನು ಮಾಡ್ತೀನಿ ಸರ್" ಎಂಬ ಮಾತು ಬಂದುಬಿಟ್ಟಿತು.

ಯಜಮಾನರು ಅವಳತ್ತ ನೋಡಿದರು, ಮೀಸೆಯ ಅಧಿಕಾರಿಯತ್ತ ನೋಡಿದರು. ಅಧಿಕಾರಿ ಹೋದ ಮೇಲೆ ಕುರ್ಚಿ ಬಿಟ್ಟು ಎದ್ದು, "ಇದು ಒಪ್ಪಿಗೆ ಆದ್ರೆ ಈ ಕುರ್ಚಿ ನಿಂದೇ, ನಾನು ಮತ್ತೆ ಕೂರಲ್ಲ. ಆಗ್ಲಿಲ್ಲ ಅಂದ್ರೆ ಆಮೇಲೆ ಈ ಮಾತು ಎತ್ತಬೇಡಮ್ಮ" ಎಂದರು.

ಕುರ್ಚಿಯೇನೋ ಸಿಕ್ಕಿತು, ಬೆಂಕಿ ಎಲ್ಲಿಂದ ತರುವುದು? ಮನೆಯಲ್ಲಿ ಬೆಂಕಿಪೊಟ್ಟಣವನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದವಳು ಅವಳು. ಮೇಣದಬತ್ತಿಯ ಮುಂದೆ ಕೂತು ನೋಡಿದಳು. ಅದು ಸಾಧು ಪ್ರಾಣಿ, ಏನೂ ಹೇಳಿಕೊಡಲಿಲ್ಲ. ಕೊನೆಗೆ ಅಧಿಕಾರಿಗೇ ಫೋನ್ ಮಾಡಿ ನಿಜವಾದ ಎಣ್ಣೆಯ ಬೆಂಕಿ ನೋಡಬೇಕೆಂದಳು. ಅವರು ಠಾಣೆಯ ಹಿಂದಿನ ಅಭ್ಯಾಸದ ಶೆಡ್ಡಿಗೆ ಬರಹೇಳಿದರು. ಅಲ್ಲಿನ ಗೋಡೆ ವರ್ಷಗಟ್ಟಲೆ ಹೊಗೆ ಕುಡಿದು ಇದ್ದಿಲಿನಷ್ಟು ಕಪ್ಪಾಗಿತ್ತು. ಅವಳ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಬೇಕಿರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ತೆಗೆದ ಬೆಂಕಿಯನ್ನು ಇನ್ನೊಂದು ಚಿತ್ರದ ಮೇಲೆ ಕಂಪ್ಯೂಟರಿನಲ್ಲಿ ಸ್ಕ್ರೀನ್ ಎಂಬ ಬಗೆಯಲ್ಲಿ ಕೂರಿಸಿದರೆ ಕಪ್ಪೆಲ್ಲ ಮಾಯವಾಗಿ ಬೆಳಕು ಮಾತ್ರ ಉಳಿಯುತ್ತದೆ. ಇದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಅಷ್ಟು ಹತ್ತಿರ ಹೋಗಿ ನಿಲ್ಲುವುದು ಹೇಗೆ ಎಂಬುದು.

ಅವಳು ಶೆಡ್ಡಿನ ಬಾಗಿಲಲ್ಲೇ ನಿಂತು ಮನೆಗೆ ಫೋನ್ ಮಾಡಿದಳು. ಒಲೆ ಆರಿಸಿದೆಯೇ, ಮಗು ಏನು ಮಾಡುತ್ತಿದೆ ಎಂದು ಕೇಳಿದಳು.

"ಒಲೆ ಆಫು, ಮಗು ಆನು" ಎಂದರು ಅತ್ತೆ. "ನೀನು ಅಲ್ಲಿ ಬೆಂಕಿ ನೋಡ್ಕೋ. ಇಲ್ಲಿದ್ದನ್ನ ನಾನು ನೋಡ್ಕೋತೀನಿ."

ಬಾಣಲೆಯ ಎಣ್ಣೆ ಕಾಯಿತು, ಹೊಗೆಯಾಡಿತು, ಥಟ್ಟನೆ ಹೊತ್ತಿಕೊಂಡಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅಧಿಕಾರಿ ನಕ್ಕು, "ಬನ್ನಿ ತಾಯಿ, ನಾವು ಇಷ್ಟು ಜನ ನಿಂತಿರೋವಾಗ ಅದು ನಮಗೆ ಹೆದರಬೇಕು" ಎಂದರು. ಅವಳು ಕ್ಯಾಮೆರಾವನ್ನು ಗುರಾಣಿಯಂತೆ ಮುಖಕ್ಕೆ ಹಿಡಿದು ಮುಂದೆ ಬಂದಳು. ಚಿಕ್ಕ ಚೌಕಟ್ಟಿನೊಳಗೆ ಬಂದ ಮೇಲೆ ಬೆಂಕಿ ಒಂದಿಷ್ಟು ಕೈಗೆ ಸಿಗುವಂಥದ್ದಾಯಿತು. ಬುಡದಲ್ಲಿ ಅದು ಇದ್ದೂ ಇಲ್ಲದಂತೆ ತೆಳು. ಆಚೆಗಿನ ಗೋಡೆ ಅದರ ಮೂಲಕ ಕಾಣುತ್ತಿತ್ತು. ನಡುವೆ ಕಿತ್ತಳೆಯೇ ಅಲ್ಲ, ಬಿಳಿಗೆ ಹತ್ತಿರದ ಹಳದಿ. ಕಿತ್ತಳೆ ಇದ್ದದ್ದು ಅಂಚಿಗೆ, ಹರಿದ ಬಟ್ಟೆಯಂಥ ತುದಿಗಳಲ್ಲಿ. ಅದಕ್ಕೂ ಮೇಲೆ ಬಿಸಿ ಗಾಳಿಗೆ ಗೋಡೆಯ ಬಿರುಕುಗಳೇ ನೀರೊಳಗಿನ ಹುಲ್ಲಿನಂತೆ ತೂಗುತ್ತಿದ್ದವು. ಅವಳು ಪಟಪಟನೆ ಫೋಟೊ ತೆಗೆದಳು. ಆದರೆ ಅವಳ ಕಣ್ಣು ತೆರೆದದ್ದು ಬೆಂಕಿಯಿಂದಲ್ಲ, ಪಕ್ಕದಲ್ಲಿ ಮುಚ್ಚಳ ಹಿಡಿದು ನಿಂತಿದ್ದ ಅಧಿಕಾರಿಯ ಮುಖದಿಂದ. ಆ ಮೀಸೆಯ ಒಂದೊಂದು ಕೂದಲೂ ತಾಮ್ರದ ತಂತಿಯಂತೆ ಹೊಳೆಯುತ್ತಿತ್ತು. ಕಿವಿಯ ಹಿಂದೆ ಗಾಢ ಕತ್ತಲೆ. ಬೆಂಕಿ ಎಂದರೆ ಜ್ವಾಲೆಯಷ್ಟೇ ಅಲ್ಲ, ಅದು ಸುತ್ತಲಿನದಕ್ಕೆ ಮಾಡುವುದೂ ಬೆಂಕಿಯೇ ಎಂದು ಅವಳಿಗೆ ಹೊಳೆಯಿತು. ಅಂಗಡಿಯಲ್ಲಿ ಅವರು ಇಷ್ಟು ಕಾಲ ತಣ್ಣಗಿನ ಕೋಣೆಗಳ ಮೇಲೆ ಬೆಂಕಿ ಅಂಟಿಸುತ್ತಿದ್ದರು.

ಅಡುಗೆಮನೆಗೆ ತನ್ನದನ್ನೇ ಆರಿಸಿಕೊಂಡಳು. ಚೆನ್ನಾಗಿ ಒರೆಸಿ, ಜೋಡಿಸಿ, ಫೋಟೊ ತೆಗೆದಳು. ಅಂಗಡಿಯಲ್ಲಿ ಕೂತು ಮೊದಲು ಕೋಣೆಯ ಬೆಳಕನ್ನೆಲ್ಲ ಇಳಿಸಿದಳು. ಶೆಡ್ಡಿನ ಜ್ವಾಲೆಗಳಲ್ಲಿ ಐದಾರನ್ನು ಒಂದರ ಮೇಲೊಂದು ಪದರವಾಗಿಸಿ ಬಾಣಲೆಯ ಬಾಯಿಗೆ ಕೂರಿಸಿದಳು. ಬುಡವನ್ನು ಮೆಲ್ಲಗೆ ಅಳಿಸಿ ತೆಳು ಮಾಡಿದಳು. ಆಮೇಲೆ ಕಂಪ್ಯೂಟರಿನ ಮೆತ್ತನೆಯ ಕುಂಚದಿಂದ ಕಪಾಟಿನ ಕೆಳಮೈಗೆ, ಸ್ಟೀಲ್ ಡಬ್ಬಿಗಳ ಒಂದು ಬದಿಗೆ, ಟೈಲ್ಸಿನ ಅಂಚಿಗೆ ಬೆಚ್ಚಗಿನ ಬೆಳಕು ಸವರಿದಳು. ಎದುರು ಬದಿಗೆ ನೆರಳು ಎಳೆದಳು. ಜ್ವಾಲೆಯ ಮೇಲಿನ ಟೈಲ್ಸಿನ ಗೆರೆಗಳನ್ನು ಅಷ್ಟೇ ಅಷ್ಟು ಅಲುಗಾಡಿಸಿದಳು. ಹಿಂದೆ ನಿಂತು ನೋಡುತ್ತಿದ್ದ ಯಜಮಾನರು ಫ್ಯಾನಿನ ವೇಗ ಹೆಚ್ಚಿಸಿದರು.

ಅಧಿಕಾರಿ ಬಂದು ಪರದೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು.

"ಬೆಂಕಿ ನಿಜ" ಎಂದರು. ಅವಳು ಉಸಿರು ಬಿಡುವಷ್ಟರಲ್ಲಿ, "ಮನೆ ಸುಳ್ಳು" ಎಂದರು. "ಈ ಮನೇಲಿ ಬೆಂಕಿಗೆ ತಿನ್ನೋಕೆ ಏನಿದೆ ತಾಯಿ? ಪರದೆ ಇಲ್ಲ, ಬಟ್ಟೆ ಇಲ್ಲ, ಪ್ಲಾಸ್ಟಿಕ್ಕಿಲ್ಲ. ಒಲೆ ಹತ್ರ ಒಂದು ಕಾಗದದ ಚೂರೂ ಇಲ್ಲ. ಪಾಪ, ಹಸಿವಿಂದ ಸತ್ತುಹೋಗತ್ತೆ. ನನ್ನ ಸರ್ವೀಸಲ್ಲಿ ಇಂಥ ಅಡುಗೆಮನೆ ನೋಡಿಲ್ಲ. ಯಾರದಿದು?"

ತನ್ನದೇ ಎಂದು ಹೇಳುವಾಗ ಅವಳ ಮುಖ ಕೆಂಪಾಯಿತು. ನೋಡಿದರೆ ಹೌದು. ಮಗಳಿಗೆ ಏನಾದೀತೋ ಎಂಬ ಭಯಕ್ಕೆ ಒಂದೊಂದಾಗಿ ಎಲ್ಲವನ್ನೂ ತೆಗೆದುಹಾಕಿದ್ದಳು. ಬೆಂಕಿ ಹತ್ತಲಾರದ ಮನೆಯಲ್ಲಿ ಬೆಂಕಿ ಹಚ್ಚಲು ಹೊರಟಿದ್ದಳು. ಅಧಿಕಾರಿಗೆ ನಗು ತಡೆಯಲಾಗಲಿಲ್ಲ, ಹೊಗಳಿಕೆಯ ನಗುವೇ. ಆದರೂ ಎಲ್ಲರ ಮನೆಯಂಥ ಮನೆ ಬೇಕು, ನಾಳೆ ಮಧ್ಯಾಹ್ನದೊಳಗೆ ಬೇಕು ಎಂದು ಹೇಳಿಯೇ ಹೋದರು.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆಗೆ ಹಿಗ್ಗೋ ಹಿಗ್ಗು. ಮೊಮ್ಮಗಳು ಹುಟ್ಟಿದ ಮೇಲೆ ಕಪಾಟು ಸೇರಿದ್ದ ಸಾಮಾನೆಲ್ಲ ಮೆರವಣಿಗೆಯಲ್ಲಿ ಹೊರಬಂತು. ಒಲೆಯ ಮೇಲಿನ ಮೊಳೆಗೆ ನೀಲಿ ಚೌಕಳಿಯ ಟವೆಲ್ಲು, ಪಕ್ಕದಲ್ಲಿ ಬಾಯಿ ತೆರೆದ ಎಣ್ಣೆ ಕ್ಯಾನು, ಡಬ್ಬಿಗಳ ಅಡಿಯಿಂದ ನಾಲಗೆ ಚಾಚಿದ ಹಳೆಯ ಪೇಪರು, ಕಿಟಕಿಗೆ ಪರದೆ. "ನೀನು ಬರೋಕ್ಕೆ ಮುಂಚೆ ಇದು ಮನುಷ್ಯರ ಮನೆ ಥರಾನೇ ಇತ್ತು ಕಣೇ" ಎಂದು ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. ಅವಳು ಸಿಲಿಂಡರ್ ಮುಚ್ಚಿ, ರೆಗ್ಯುಲೇಟರನ್ನೂ ಕಳಚಿ, ಮಗಳನ್ನು ಪಕ್ಕದ ಮನೆಗೆ ಕಳಿಸಿ, ಆಮೇಲೆಯೇ ಕ್ಯಾಮೆರಾ ಎತ್ತಿದಳು. ಫೋಟೊ ಮುಗಿದದ್ದೇ ತಡ, ಎಲ್ಲ ಮತ್ತೆ ಕಪಾಟಿಗೆ.

"ಟವೆಲ್ ಒಂದಾದ್ರೂ ಬಿಡೇ."

"ಬಿಡಲ್ಲ ಅತ್ತೆ."

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಅತ್ತೆಯ ಟವೆಲ್ಲಿಗೆ ಬೆಂಕಿಯಿಟ್ಟಳು. ಸುಡುವ ಬಟ್ಟೆಯ ಅಂಚು ಸುಲಭಕ್ಕೆ ಬರುವಂಥದ್ದಲ್ಲ. ಮೊದಲು ಕಂದು, ಆಮೇಲೆ ಕಪ್ಪು, ಆ ಕಪ್ಪಿನ ತುದಿಗೆ ಕೂದಲೆಳೆಯಷ್ಟು ಕೆಂಡದ ಗೆರೆ, ಅದರಾಚೆ ಬೂದಿಯ ಸುರುಳಿ. ಗೆರೆ ಒಂದೇ ದಪ್ಪ ಇದ್ದರೆ ಹೊಲಿಗೆಯಂತೆ ಕಾಣುತ್ತದೆ, ಅಲ್ಲಲ್ಲಿ ಕಡಿಯಬೇಕು. ಕಿಡಿಗಳನ್ನು ಹೆಚ್ಚು ಹಾರಿಸಲಿಲ್ಲ. ಪೇಪರಿನ ನಾಲಗೆಯ ತುದಿಯನ್ನು ಆಗಷ್ಟೇ ಬಾಗಿಸಿದಳು, ಇನ್ನೂ ಹೊತ್ತಿಲ್ಲ, ಹೊತ್ತಲಿದೆ ಎಂಬಂತೆ. ಬೆಳಕನ್ನು ಗೋಡೆಯ ಕೆಳಭಾಗಕ್ಕೆ ಇಳಿಸಿದಾಗ ಅಲ್ಲಿ ಏನೋ ಮೂಡಿತು. ಮೊಣಕಾಲೆತ್ತರದಲ್ಲಿ ಮಗಳು ಕ್ರೇಯಾನಿನಿಂದ ಗೀಚಿದ್ದ ಗೆರೆಗಳು, ಒಂದು ವಕ್ರ ಸೂರ್ಯ. ಅಳಿಸೋಣವೆಂದು ಕರ್ಸರ್ ಅಲ್ಲಿಗೆ ಹೋಯಿತು. ಅವಳ ಎದೆ ಡವಗುಟ್ಟುತ್ತಿತ್ತು. ತನ್ನ ಕೈಯಾರೆ ಹಚ್ಚಿದ ಬೆಂಕಿಯ ಬೆಳಕು ಮಗಳ ಗೆರೆಗಳ ಮೇಲೆ ಬಿದ್ದಿತ್ತು. ತನಗೇ ಇಷ್ಟು ಭಯವಾದರೆ ಇದು ಸರಿಯಾಗಿದೆ ಎಂದುಕೊಂಡು ಕೈ ಹಿಂದೆಗೆದಳು. ಗೆರೆಗಳು ಉಳಿದವು.

ಮುದ್ರಿಸಿದ ಹಾಳೆಯನ್ನು ತಾನೇ ಠಾಣೆಗೆ ಒಯ್ದಳು, ಯಜಮಾನರೂ ಜೊತೆಗೆ ಬಂದರು. ಅಧಿಕಾರಿ ಹಾಳೆ ಬಿಚ್ಚಿ ನೋಡಿ, ಅದನ್ನು ಒಳಗಿನ ಕೋಣೆಯ ಗೋಡೆಗೆ ಒರಗಿಸಿದರು. ಅಲ್ಲಿ ಪಾಳಿ ಮುಗಿಸಿದ ಸಿಬ್ಬಂದಿ ಚಹಾ ಕುಡಿಯುತ್ತಿದ್ದರು. ವಾಹನದ ಚಾಲಕ, ಊರಿನ ಬೆಂಕಿಗಳನ್ನೆಲ್ಲ ಹತ್ತಿರದಿಂದ ಕಂಡವನು, ಲೋಟ ಕೆಳಗಿಟ್ಟು ಎದ್ದು ಬಂದ. ಬಾಗಿ ಚಿತ್ರದಲ್ಲಿನ ಗೋಡೆಯ ಕೆಳಭಾಗ, ಕ್ರೇಯಾನಿನ ಗೆರೆಗಳಿದ್ದಲ್ಲಿ, ನೋಡಿದ.

"ಸರ್, ಇದು ಯಾವ ಮನೆ? ಯಾವ ಪಾಳಿಯವರು ಹೋಗಿದ್ರು?" ಎಂದು ಕೇಳಿದ. ಆಮೇಲೆ, ತಗ್ಗಿದ ಧ್ವನಿಯಲ್ಲಿ, "ಮಗು ಎಲ್ಲಿತ್ತು?"

ಅಧಿಕಾರಿ ಅವಳತ್ತ ತಿರುಗಿದರು. ಉತ್ತರ ಅವಳೇ ಕೊಡಲಿ ಎಂಬಂತೆ.

"ಪಕ್ಕದ ಮನೇಲಿತ್ತು" ಎಂದಳು ಅವಳು. "ಮಗು ನಂದೇ. ಬೆಂಕಿನೂ ನಂದೇ."

ಹಾಗೆ ಹೇಳುವಾಗ ಅವಳ ಕತ್ತು ತಾನಾಗಿ ನೆಟ್ಟಗಾಗಿತ್ತು. ಚಾಲಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಎದ್ದ ಜಾಗಕ್ಕೆ ಹೋಗದೆ, ತನ್ನ ಕುರ್ಚಿಯನ್ನೇ ತಂದು ಅವಳಿಗೆ ಹಾಕಿದ. ಬೆಂಕಿ ಮೇಡಂ ಎಂದು ಮೊದಲು ಕರೆದದ್ದೂ ಅವನೇ, ಅಲ್ಲೇ, ಚಹಾ ಕೊಡುವಾಗ.

ಪೋಸ್ಟರು ಎಲ್ಲ ಶಾಲೆಗಳ ಗೋಡೆ ಹತ್ತಿತು. ಅತ್ತೆ ಬೀದಿಯ ಕೊನೆಯ ಶಾಲೆಯ ಮುಂದೆ ನಿಂತು, ಬರುವವರಿಗೂ ಹೋಗುವವರಿಗೂ, ಇದು ನಮ್ಮನೆ, ಸುಟ್ಟಿದ್ದು ನನ್ನ ಟವೆಲ್ಲು, ಸುಟ್ಟವಳು ನನ್ನ ಸೊಸೆ ಎಂದು ಹೇಳತೊಡಗಿದರು. ಕೆಲವರು ಅನುಕಂಪದಿಂದ ಅವರ ಕೈ ಹಿಡಿದುಕೊಂಡರಂತೆ. ಅತ್ತೆ ಅದಕ್ಕೂ ಬೇಡವೆನ್ನಲಿಲ್ಲ.

ಅಂಗಡಿಯಲ್ಲಿ ಯಜಮಾನರು ಮಾತಿಗೆ ತಪ್ಪಲಿಲ್ಲ. ಮೊದಲ ವಾರವೇ ಟೈರು ವ್ಯಾಪಾರಿಯೊಬ್ಬ ಬಂದು, ಬೋರ್ಡಿನಲ್ಲಿ ಅಂಗಡಿಯ ಹೆಸರಿನ ಹಿಂದೆ ಧಗಧಗ ಬೆಂಕಿ ಬೇಕು, ಬೇಗ ಆಗಬೇಕು, ಯಾವುದಾದರೂ ಸರಿ ಎಂದ. ಅವಳು ಕುರ್ಚಿ ತಿರುಗಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾವುದಾದ್ರೂ ಅಂದ್ರೆ ಹೇಗಣ್ಣ? ರಬ್ಬರಿನ ಬೆಂಕಿ ಬೇರೆ, ಹೊಗೆ ಕಪ್ಪಗೆ ದಟ್ಟವಾಗಿರತ್ತೆ. ಅದನ್ನ ಹಾಕಿದ್ರೆ ನಿಮ್ಮ ಅಂಗಡಿನೇ ಹೊತ್ತಿಕೊಂಡಿದೆ ಅಂತ ಜನ ಓಡಿ ಬರ್ತಾರೆ, ಟೈರ್ ತಗೊಳ್ಳೋಕೆ ಅಲ್ಲ. ಕೂತ್ಕೊಳ್ಳಿ, ಮಾತಾಡೋಣ."

ವ್ಯಾಪಾರಿ ತಬ್ಬಿಬ್ಬಾಗಿ ಯಜಮಾನರ ಕಡೆ ನೋಡಿದ. ಬಾಗಿಲ ಬಳಿಯ ಚಿಕ್ಕ ಕಂಪ್ಯೂಟರಿನ ಮುಂದೆ ಕೂತು ಯಾರದೋ ಕಿವಿ ಸರಿಪಡಿಸುತ್ತಿದ್ದ ಯಜಮಾನರು ತಲೆ ಎತ್ತದೆಯೇ, "ಬೆಂಕಿ ವಿಷಯ ಅವ್ರನ್ನೇ ಕೇಳಿ" ಎಂದರು.