ಇಂಗ್ಲಿಷ್ ವೀಕ್ಲಿ ಮತ್ತು ಅತ್ತೆಯ ಧಾರಾವಾಹಿ

ಧಪ್ ಅಂತ ಒಂದು ಸಪ್ಪಳ. ಪೋಸ್ಟಿನವ ಸೈಕಲ್ಲಿನಿಂದ ಇಳಿಯದೆಯೇ, ಸುರುಳಿ ಸುತ್ತಿದ ಇಂಗ್ಲಿಷ್ ವೀಕ್ಲಿಯನ್ನು ಸಂಶಿ ಹಳ್ಳಿಯ ನಮ್ಮ ಮನೆಯ ಕಟ್ಟೆಗೆ ಒಗೆಯುತ್ತಿದ್ದ ಸಪ್ಪಳವದು. ಈಗ ಅಂಥದೇ ಪತ್ರಿಕೆ ನನ್ನ ಟ್ಯಾಬ್ಲೆಟ್ಟಿಗೆ ಸದ್ದಿಲ್ಲದೆ ಬಂದು ಕೂಡುತ್ತದೆ. ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಅದನ್ನು ತೆರೆದೆ. ಯಾಕೋ ಆ ಸಪ್ಪಳ ಕೇಳಿಸಿತು, ಮುಖ ಬಿಸಿಯಾಯಿತು. ಈ ವಯಸ್ಸಿನಲ್ಲಿ ಬ್ಲಶ್ ಮಾಡುವ ಮುದುಕಿಯನ್ನು ನೀವು ನೋಡಿರಲಿಕ್ಕಿಲ್ಲ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಸಂಶಿಗೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಿಂತ ಹಳೆಯ ಮ್ಯಾಗಝೀನುಗಳೇ ಹೆಚ್ಚಿದ್ದವು. ಅವನ್ನು ಕಂಡು ಮಾವನವರಿಗೆ ಅಗದಿ ಖುಷಿ. ಹೊಲ, ಹತ್ತಿ, ಮಠ ಬಿಟ್ಟು ಬೇರೆ ತಿಳಿಯದ ಆ ಮನುಷ್ಯ ನನ್ನ ಸಲುವಾಗಿಯೇ ಇಂಗ್ಲಿಷ್ ವೀಕ್ಲಿ ತರಿಸತೊಡಗಿದರು. ಸಂಜೆ ಕಟ್ಟೆಯ ಮೇಲೆ ಹಿರಿಯರು ಕೂಡಿದಾಗ ನಾನು ಹೊಸ್ತಿಲೊಳಗೆ ನಿಂತು ಒಂದು ಪುಟ ಓದಬೇಕು. ಯಾರಿಗೂ ತಿಳಿಯುತ್ತಿರಲಿಲ್ಲ. ಯಾರೂ ಏಳುತ್ತಲೂ ಇರಲಿಲ್ಲ.

ಇಂಗ್ಲಿಷ್ ಬಂತು ಅಂತ ಮೊದಲಿಂದ ಬರುತ್ತಿದ್ದ ಕನ್ನಡ ವಾರಪತ್ರಿಕೆ ನಿಂತಿತು. ಅದನ್ನು ಓದುತ್ತಿದ್ದವರು ಅತ್ತೆ. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ, ಗೋಡೆಗೆ ಆತು ಕೂತು ಧಾರಾವಾಹಿ ಓದುವುದೊಂದೇ ಅವರ ಲಕ್ಷುರಿ.

"ಎರಡ್ಯಾಕ?" ಅಂದರು ಮಾವ. "ಇಂಗ್ಲಿಷಿನ್ಯಾಗ ಎಲ್ಲಾ ಬರತೈತಿ."

ಅತ್ತೆ ಆ ಮಾತು ನಂಬಿಬಿಟ್ಟರು. ಮುಂದಿನ ವೀಕ್ಲಿ ಬಂದಾಗ ಕೈ ಒರೆಸಿಕೊಳ್ಳುತ್ತ ನನ್ನ ಬಾಜೂಕ ಬಂದು ಕೂತರು. "ನನ್ನ ಕತಿ ಎಲ್ಲೈತಿ ನೋಡ ಬೇ. ಆ ಹುಡುಗಿ ಗಂಡನ ಮನಿ ಬಿಟ್ಟು ಸ್ಟೇಷನ್ನಿನ್ಯಾಗ ಕುಂತಿದ್ಲು. ರೈಲು ಹತ್ತಿದ್ಲೋ, ತಿರುಗಿ ಬಂದ್ಲೋ?"

"ಅದು ಇದರಾಗ ಬರೂದಿಲ್ರಿ ಅತ್ತಿ."

"ಸಣ್ಣ ಅಕ್ಷರದಾಗ ಹಾಕಿರತಾರ. ಬೆಳಕಿಗೆ ಹಿಡಿ."

ಬೆಳಕಿಗೆ ಹಿಡಿದೆ. ವಿದೇಶದ ಯಾವುದೋ ಚುನಾವಣೆ, ಕೇಕ್ ಮಾಡುವ ವಿಧಾನ, ಒಂದು ಕ್ರಾಸ್‌ವರ್ಡ್. ಅತ್ತೆ ಆ ಕಪ್ಪು ಬಿಳಿ ಚೌಕಗಳನ್ನು ಬಹಳ ಹೊತ್ತು ನೋಡಿದರು. "ಜಮಖಾನಿ ನೇಯಾವ್ರಿಗೆ ಕೊಡು, ನಮೂನಿ ಚಲೋ ಐತಿ," ಅಂದು ಎದ್ದರು.

ಮರುವಾರ ಮತ್ತೆ ಬಂದರು. ಈ ಸಲ ಪತ್ರಿಕೆಯನ್ನು ಮುಟ್ಟಲಿಲ್ಲ. "ನಾ ಹೇಳಿದ್ರ ಅವರು ಕಿವಿಗೆ ಹಾಕ್ಕೊಳ್ಳೂದಿಲ್ಲ. ನೀ ಹೇಳಿದ್ರ ಕೇಳತಾರ. ನಂದೊಂದು ಕನ್ನಡದ್ದು ತರಸ್ರಿ ಅನ್ನು."

ಹೂಂ ಅಂದೆ. ಅವತ್ತು ಸಂಜೆ ಕಟ್ಟೆಗೆ ನವಲಗುಂದದ ಬೀಗರು ಬಂದಿದ್ದರು. ನಾನು ಓದಿದೆ. "ಏನ್ರಿ ಗೌಡ್ರ, ಸೊಸಿ ಅಗದಿ ಬಿಳೇ ಮಡ್ಡಮ್ಮನ ಹಂಗ ಓದತಾಳಲ್ಲ," ಅಂದರು ಬೀಗರು. ಮಾವ ಮೀಸೆ ತಿರುವಿದರು. ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಕನ್ನಡದ ಮಾತೆತ್ತಿದರೆ ಆ ಹೊಗಳಿಕೆಯ ಬಿಸಿ ಆರಿಹೋದೀತು ಅನಿಸಿತು. ಇನ್ನೊಂದು ಪುಟ ಓದಿ ಒಳಗೆ ಬಂದೆ. ಒಲೆಯ ಮುಂದಿದ್ದ ಅತ್ತೆ ನನ್ನ ಮುಖ ನೋಡಿದರು. "ಉಣ್ಣು ಬಾ, ರೊಟ್ಟಿ ಆರತಾವ," ಅಂದರು. ಮತ್ತೆಂದೂ ಕೇಳಲಿಲ್ಲ.

ಮುಂದೆ ನಾನೂ ನನ್ನವರೂ ಧಾರವಾಡದಲ್ಲಿ ಮನೆ ಮಾಡಿದೆವು. ಮಾವ ಹೋದ ಮೇಲೆ ನಾನೇ ಅತ್ತೆಗೆ ಕನ್ನಡ ವಾರಪತ್ರಿಕೆ ಹಚ್ಚಿಸಿದೆ. ಸಂಶಿಗೆ ಹೋಗಿ ನೋಡಿದರೆ ಅದು ಮಡಿಕೆ ಮುರಿಯದೆ ಗೂಡಿನಲ್ಲಿ ಬಿದ್ದಿತ್ತು. ಅವರಿಗೆ ಅಷ್ಟೊತ್ತಿಗೆ ಅಕ್ಷರ ಕಾಣುತ್ತಿರಲಿಲ್ಲ. ಎಂಥ ಪಂಕ್ಚುಯಾಲಿಟಿ ನನ್ನದು.

"ನೀನ ಓದು," ಅಂದರು.

ಓದಿದೆ. ಇಂಗ್ಲಿಷಿನಲ್ಲಿ ಓಡುವ ನಾಲಿಗೆ ಕನ್ನಡದಲ್ಲಿ ಹೆಜ್ಜೆಗೊಮ್ಮೆ ಎಡವಿತು. ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಬಂದು, "ಏನ್ ನಡದೈತಿ, ಇಂಗ್ಲಿಷ್ ಓದಾಕತ್ತಾರೇನ?" ಅಂದಳು.

ಅತ್ತೆ ನೆಟ್ಟಗೆ ಕೂತರು. "ಇಲ್ಲ ಬೇ. ಇಂಗ್ಲಿಷ್ ಕಲ್ತರೂ ನನ್ನ ಸೊಸಿ ಕನ್ನಡಾನೂ ಓದತಾಳ. ಬಾಯಿ ಮುಚ್ಚಿ ಕುಂತು ಕೇಳು." ಮಾವ ಕಟ್ಟೆಯ ಮೇಲೆ ತೋರುತ್ತಿದ್ದುದಕ್ಕಿಂತ ಹೆಚ್ಚಿನ ಬಿಂಕ ಆ ದನಿಯಲ್ಲಿತ್ತು.

ನನಗೆ ತಲೆ ಎತ್ತಲಾಗಲಿಲ್ಲ. ಅಕ್ಷರ ಮಸುಕಾದವು, ಸಾಲು ತಪ್ಪಿತು, ಅದೇ ಸಾಲನ್ನೇ ಮತ್ತೆ ಓದಿದೆ. ಅತ್ತೆಗೆ ತಿಳಿಯಿತು. ಆದರೂ ಹೊಸ ಸಾಲೇ ಅನ್ನುವಂತೆ ತಲೆದೂಗಿದರು. ನಾನು ಅವರನ್ನು ನೋಡಿದ್ದು ಅವತ್ತೇ ಕಡೆ.