ಕೆಂಪು ಜಾಕೀಟಿನವನ ಅವಸರ

ಬೀದಿಗೆಲ್ಲ ಅವನು ಟೇಪಣ್ಣ. ಈಗ ಅವನ ಅಂಗಡಿಗೆ ಬರುವುದು ಸುಟ್ಟ ಮಿಕ್ಸಿ, ಕುಂಟುವ ಫ್ಯಾನು. ಎರಡೂ ಬಾರದ ದಿನ ಹರಟೆ. ಆದರೂ ಮಿಕ್ಸಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಶ್ರುತಿ ಬಿದ್ದಿದೆ ಎಂದು ಘೋಷಿಸುವ ಗತ್ತು ಹಳೆಯದೇ. ಮೂವತ್ತೈದು ವರ್ಷಗಳ ಹಿಂದೆ ಇದೇ ಅಂಗಡಿಯ ಮುಂದೆ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಳ್ಳಲು ಜನ ಸಾಲುಗಟ್ಟುತ್ತಿದ್ದರು. ಹತ್ತರಲ್ಲಿ ಒಂಬತ್ತು ಮಂದಿ ಕೇಳುತ್ತಿದ್ದುದು ಒಬ್ಬನೇ ರಾಕ್ ಗಾಯಕನನ್ನು. ಕವರಿನ ಚಿತ್ರ ನೋಡಿ ಬೀದಿ ಅವನಿಗೆ ಕೆಂಪು ಜಾಕೀಟಿನವನು ಎಂದು ಹೆಸರಿಟ್ಟಿತ್ತು.

ಆತ ತೀರಿಕೊಂಡ ಸುದ್ದಿ ಶುಕ್ರವಾರ ಬಂದಾಗ ಟೇಪಣ್ಣ ಎದುರಂಗಡಿಯ ಕ್ಷೌರಿಕನ ಕುರ್ಚಿಯಲ್ಲಿದ್ದ. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಗೆ ಇನ್ನೂ ಕತ್ತಿ ಮುಟ್ಟಿರಲಿಲ್ಲ. ಇಬ್ಬರೂ ಮನಸಾರೆ ಅತ್ತರು. ಬಳಿಕ ಟೇಪಣ್ಣ ಎದ್ದುನಿಂತು, ಭಾನುವಾರ ಬೆಳಿಗ್ಗೆ ತನ್ನ ಅಂಗಡಿಯಲ್ಲಿ ಆತನ ಹಾಡು ಹಾಕುವುದಾಗಿಯೂ, ಅಲ್ಲಿಯವರೆಗೆ ಬಲಗೆನ್ನೆಯನ್ನು ದುಃಖಕ್ಕೆ ಮೀಸಲಿಡುವುದಾಗಿಯೂ ಸಾರಿದ.

"ದುಃಖ ಪೂರ್ತಿ ಇದ್ದರೆ ಎರಡೂ ಕಡೆ ಬೆಳೀಬೇಕಿತ್ತಲ್ರೀ," ಎಂದಳು ಮನೆಯಲ್ಲಿ ಹೆಂಡತಿ. ಬೀಗರಿಗೂ ಹೇಳಿ ಕಳಿಸಿದ್ದಾಗಿಯೂ, ಅವರು ತಮ್ಮಲ್ಲಿರುವ ಅಸಲಿ ರೆಕಾರ್ಡನ್ನೂ ಪ್ಲೇಯರನ್ನೂ ತರುತ್ತಾರೆಂದೂ ಆಕೆ ತಿಳಿಸಿದಾಗ ಟೇಪಣ್ಣನ ಎರಡೂ ಕೆನ್ನೆ ಒಟ್ಟಿಗೇ ಬಾಡಿದವು.

ಅದಕ್ಕೆ ಕಾರಣವಿತ್ತು. ಆ ಕಾಲದಲ್ಲಿ ಟೇಪಣ್ಣನ ಹಾಡು ತುಂಬುವ ಮಷೀನು ತುಸು ನಿಧಾನ ಓಡುತ್ತಿತ್ತು. ನಿಧಾನ ಓಡುವ ಮಷೀನಿನಲ್ಲಿ ತುಂಬಿದ ಹಾಡು ಬೇರೆ ಕಡೆ ಹಾಕಿದಾಗ ಓಟ ಕೀಳುತ್ತದೆ. ಇನ್ನೂರು ಕ್ಯಾಸೆಟ್ಟು ಮನೆಮನೆ ಸೇರಿದ ಮೇಲೆ ಅವನಿಗೆ ಇದು ಹೊಳೆಯಿತು. ಸರಿಮಾಡಿದರೆ ಮೊದಲಿನವು ತಪ್ಪೆಂದು ಒಪ್ಪಿದಂತೆ. ಆದ್ದರಿಂದ ಮೋಟಾರಿನ ತಿರುಪು ಅಲುಗದಂತೆ ಅದರ ಮೇಲೆ ಹೆಂಡತಿಯ ಉಗುರುಬಣ್ಣದ ಒಂದು ತೊಟ್ಟು ಬಿಟ್ಟು, ತಪ್ಪನ್ನು ಖಾಯಂ ಮಾಡಿದ. ಬೀದಿ ಕೊನೆಯ ಅಂಗಡಿಯ ಕ್ಯಾಸೆಟ್ಟು ಯಾಕೋ ಎಳೆಯುತ್ತದಲ್ಲ ಎಂದು ಗಿರಾಕಿಗಳು ಕೇಳಿದಾಗ, ಅಲ್ಲಿಯ ಮಷೀನಿಗೆ ವಾತ ಎಂದು ಕೈತೊಳೆದುಕೊಂಡ. ಆ ಅಂಗಡಿಯವರೇ ಮುಂದೆ ಅವನ ಮಗಳ ಮಾವನಾದರು. ಬೀಗತನ ಕುದುರಿ ಹನ್ನೆರಡು ವರ್ಷವಾದರೂ ಆ ವಾತದ ಮಾತು ಇನ್ನೂ ಅವನ ಗಂಟಲಲ್ಲೇ ಇತ್ತು.

ಭಾನುವಾರ ಅಂಗಡಿ ತುಂಬಿತು. ಟೇಪಣ್ಣ ಮೊದಲು ತನ್ನ ಕ್ಯಾಸೆಟ್ಟು ಹಾಕಿದ. ಕೆಂಪು ಜಾಕೀಟಿನವನು ಬಸ್ಸು ತಪ್ಪಿಹೋಗುವವನಂತೆ ಹಾಡಿದ, ಮಂಡಿನೋವಿನವರೆಲ್ಲ ಕುಣಿದರು. ಆಮೇಲೆ ಬೀಗರು ರೆಕಾರ್ಡನ್ನು ಮಗುವಿನಂತೆ ಎತ್ತಿ, ಒರೆಸಿ, ಮುಳ್ಳು ಇಳಿಸಿದರು. ಅದೇ ಹಾಡು, ಆದರೆ ದಪ್ಪ ದನಿ, ನಿಧಾನ ನಡಿಗೆ. ಕುಣಿಯುತ್ತಿದ್ದ ಕಾಲುಗಳು ತಬ್ಬಿಬ್ಬಾಗಿ ನಿಂತವು.

"ಇನ್ನೂ ವಾತ ಹೋಗಿಲ್ವಾ ಯಜಮಾನ್ರೇ?" ಎಂದ ಕ್ಷೌರಿಕ. ಅಂಗಡಿಯೇ ನಕ್ಕಿತು.

ಬೀಗರು ಪೆಚ್ಚಾಗಿ ಪ್ಲೇಯರಿನ ಗುಂಡಿ ತಿರುವತೊಡಗಿದರು. ನನ್ನದೇ ಏನೋ ದೋಷ, ಮೊದಲಿಂದಲೂ ಹೀಗೇ, ಎಂದು ಗೊಣಗಿದರು. ಬಾಯಿ ಮುಚ್ಚಿಕೊಂಡಿದ್ದರೆ ಟೇಪಣ್ಣನ ಕಿವಿಯ ಕೀರ್ತಿ ಇನ್ನೊಂದು ತಲೆಮಾರು ಬಾಳುತ್ತಿತ್ತು. ಆದರೆ ಆ ಬಾಗಿದ ಬೆನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಮುಟ್ಟಬೇಡಿ ಬೀಗರೇ. ನಿಮ್ಮದು ಸರಿಯಾಗೇ ಇದೆ. ಓಡ್ತಿದ್ದಿದ್ದು ನಂದು. ಮೊದಲಿಂದಲೂ."

ತಿರುಪು, ಉಗುರುಬಣ್ಣ, ವಾತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಬೀಗರು ಗುಂಡಿಯಿಂದ ಕೈ ತೆಗೆದರು. ಆಮೇಲೆ ಹೊಟ್ಟೆ ಕುಲುಕುವಂತೆ ನಗತೊಡಗಿದರು.

"ನೀವು ವಾತ ಅಂದಿರಲ್ಲ, ನಾನು ನಂಬಿಬಿಟ್ಟೆ. ನಿಮ್ಮ ಕ್ಯಾಸೆಟ್ಟು ತರಿಸಿ, ಅದಕ್ಕೆ ಸರಿಯಾಗಿ ನನ್ನ ಮಷೀನನ್ನೂ ಕೆಡಿಸಿಕೊಂಡೆ. ಅಲ್ಲಿಂದ ವ್ಯಾಪಾರ ಕುದುರಿತು ನೋಡಿ."

ಅಂದರೆ ಊರಿಗೆ ಊರೇ ಒಬ್ಬ ಶಾಂತ ಮನುಷ್ಯನನ್ನು ಮೂವತ್ತೈದು ವರ್ಷ ಓಡಿಸಿತ್ತು.

"ನನ್ನ ಉಗುರುಬಣ್ಣ ಎಲ್ಲಿ ಹೋಯ್ತು ಅಂತ ಆವತ್ತೇ ಗೊತ್ತಿತ್ತು," ಎಂದಳು ಹೆಂಡತಿ. "ನೀವಾಗೇ ಹೇಳಲಿ ಅಂತ ಸುಮ್ಮನಿದ್ದೆ. ರೆಕಾರ್ಡು ತನ್ನಿ ಅಂದಿದ್ದೂ ನಾನೇ."

ಕ್ಷೌರಿಕ ಮಾತ್ರ ಲೆಕ್ಕಾಚಾರದಲ್ಲಿದ್ದ. ಹಾಗಾದರೆ ಪ್ರತಿ ಹಾಡೂ ನಾವು ಕೇಳಿದ್ದಕ್ಕಿಂತ ಉದ್ದವಿದೆಯೇ ಎಂದು ಕೇಳಿದ. ಕಾಲು ನಿಮಿಷವಾದರೂ ಇದೆ ಎಂದರು ಬೀಗರು. ಸತ್ತವನ ಕಡೆಯಿಂದ ಇಷ್ಟು ಬಾಕಿ ಬಂದದ್ದೇ ಹಬ್ಬವಾಯಿತು. ಮತ್ತೆ ಮೊದಲಿಂದ ಹಾಕಿ ಎಂದರು ಎಲ್ಲರೂ.

ಕ್ಷೌರಿಕ ಎದುರಂಗಡಿಗೆ ಹೋಗಿ ಪೆಟ್ಟಿಗೆ ತಂದು, ಟೇಪಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ, ಬಲಗೆನ್ನೆಗೆ ಸೋಪು ಬಳಿದ.

"ಅಂಗಡೀಲಿ ದಿನಾ ನಿನ್ನ ಕ್ಯಾಸೆಟ್ಟೇ ಹಾಕ್ತಿದ್ದೆ ಕಣಯ್ಯ. ಅದರ ಓಟಕ್ಕೆ ಕತ್ತಿ ಓಡಿಸಿ ಎಷ್ಟು ಜನರ ಕೆನ್ನೆ ಕೊಯ್ದಿದ್ದೀನೋ. ಅಲುಗಾಡಬೇಡ, ಇವನು ನಿಧಾನವಾಗಿ ಹಾಡ್ತಿದ್ದಾನೆ."